ಅವ್ವನ ಹರಕೆ, ಮಗನ ದಾರಿ: ಬಳ್ಳಾರಿಯ ಒಂದು ಮನೆಯ ಪ್ರಕರಣ

ಹುಡುಗನಿಗೆ ಆಗ 15 ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ಮನೆ ಬಳ್ಳಾರಿಯ ಕೌಲ್ ಬಜಾರ್ ಕಡೆ. ಅಪ್ಪ ಜೀನ್ಸ್ ಪ್ಯಾಂಟಿನ ಜಾಬ್ ವರ್ಕ್ ಮಾಡಿಸುತ್ತಾರೆ. ಮುಂದಿನ ಕೋಣೆಯಲ್ಲೇ ನಾಲ್ಕು ಮಷಿನ್. ಕಟಿಂಗ್ ಆದ ಬಟ್ಟೆ ಕಟ್ಟು ಕಟ್ಟಾಗಿ ಬರುತ್ತದೆ, ಹೊಲಿದು ಕೊಟ್ಟರೆ ಪೀಸಿಗೆ ಇಷ್ಟು ಅಂತ ದುಡ್ಡು. ಅವ್ವ ದಾರ ಕತ್ತರಿಸುತ್ತಾರೆ, ಅಡುಗೆ ಮಾಡುತ್ತಾರೆ, ಭಾನುವಾರ ಚರ್ಚಿನ ಸಭೆಯ ಹಾಡಿನ ತಂಡದಲ್ಲಿ ನಿಲ್ಲುತ್ತಾರೆ. ಜೊತೆಗೆ ಅಜ್ಜಿ ಇದ್ದಾರೆ, ಎಂಟನೇ ಕ್ಲಾಸಿನ ತಂಗಿ ಇದ್ದಾಳೆ.

ಹೆಸರು ಯಾರದೂ ಬೇಡ. ಒಂದೆರಡು ಗುರುತು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಕೇಳಿ, ಹುಡುಗನ ಒಪ್ಪಿಗೆಯನ್ನು ಬೇರೆಯಾಗಿ ಕೇಳಿ ಬರೆಯುತ್ತಿದ್ದೇನೆ. ನಾನು ಅವರ ಸಭೆಯ ಸಂಡೇ ಸ್ಕೂಲ್ ಟೀಚರ್. ಮನೆಯಲ್ಲಿ ಮಾತೇ ನಿಂತುಹೋಗಿದೆ, ಸ್ವಲ್ಪ ಹೋಗಿ ಕೂತು ಬನ್ನಿ ಅಂತ ಅಯ್ಯನವರು, ಅಂದರೆ ನಮ್ಮ ಸಭೆಯ ಪಾಸ್ಟರ್, ಹೇಳಿ ಕಳಿಸಿದ್ದರು.

ಒಬ್ಬ ಹುಡುಗನಿಗೆ ಮೂರು ಯೋಜನೆ

ಅವ್ವನ ಯೋಜನೆ ಎಲ್ಲಕ್ಕಿಂತ ಹಳೆಯದು. ಹುಡುಗ ಏಳು ತಿಂಗಳಿಗೇ ಹುಟ್ಟಿದವನು. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಉಳಿಯುವುದು ಕಷ್ಟ ಅಂದಿದ್ದರಂತೆ. ಅವ್ವ ವರಾಂಡದಲ್ಲಿ ಕೂತು, ಮಗ ಹುಟ್ಟಿದರೆ ದೇವರಿಗೇ ಒಪ್ಪಿಸುತ್ತೇನೆ ಅಂದ ಬೈಬಲಿನ ಹನ್ನಳ ಹಾಗೆ ಹರಕೆ ಹೊತ್ತರು. ಇವನನ್ನು ಉಳಿಸಿಕೊಡು, ನಿನ್ನ ಸೇವೆಗೇ ಒಪ್ಪಿಸುತ್ತೇನೆ ಅಂತ. ಹುಡುಗ ಉಳಿದ. ಅವ್ವ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದರು. ಅವತ್ತಿನಿಂದ ಅವನು ಎಲ್ಲರ ಬಾಯಲ್ಲಿ 'ಪುಟ್ಟ ಅಯ್ಯನೋರು'.

ಅಜ್ಜಿ ಇದಕ್ಕೆ ಇನ್ನಷ್ಟು ತೂಕ ಹಾಕಿದ್ದರು. ಅವರ ತಂದೆ ಉಪದೇಶಿ. ಕುರುಗೋಡು ಕಡೆಯ ಹಳ್ಳಿಗಳಿಗೆ ನಡೆದೇ ಹೋಗಿ ಪ್ರಾರ್ಥನೆ ನಡೆಸುತ್ತಿದ್ದರು. ಲಂಡನ್ ಮಿಷನ್ನಿನ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಆ ಪರಂಪರೆಯ ಮನೆಗಳಲ್ಲಿ 'ನಮ್ಮದು ಇನ್ನೂರು ವರ್ಷದ ಸಭೆ' ಅನ್ನುವ ಹೆಮ್ಮೆ ಇನ್ನೂ ಇದೆ. ಮನೆತನದಲ್ಲಿ ಮತ್ತೆ ಒಬ್ಬ ದೇವಸೇವಕ ಬರಬೇಕು ಅನ್ನುವುದು ಅಜ್ಜಿಯ ಆಸೆ. ತಪ್ಪೇನಿಲ್ಲ. ಆದರೆ ಅಜ್ಜಿ ಅದನ್ನು ಆಸೆ ಅನ್ನುತ್ತಿರಲಿಲ್ಲ, ದೇವರ ಚಿತ್ತ ಅನ್ನುತ್ತಿದ್ದರು.

ಅಪ್ಪನದು ಬೇರೆ ದಾರಿ. ಡಿಪ್ಲೊಮಾ ಮುಗಿಸಿ ತೋರಣಗಲ್ಲಿನ ಜಿಂದಾಲ್‌ಗೆ ಸೇರಬೇಕು. ತಿಂಗಳ ಸಂಬಳ, ಪಿಎಫ್. ಸೀಸನ್ ಇದ್ದರೆ ರಾತ್ರಿ ಹಗಲು ಹೊಲಿಯುವುದು, ಇಲ್ಲದಿದ್ದರೆ ಮಷಿನ್ ಮೇಲೆ ಬಟ್ಟೆ ಮುಚ್ಚಿ ಕೂರುವುದು, ಈ ಬಾಳು ಮಗನಿಗೆ ಬೇಡ. ಅವರೂ ಬೈಬಲಿನ ವಾಕ್ಯ ಹೇಳುತ್ತಿದ್ದರು. ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಯೆರೆಮೀಯ 29:11 ಇತ್ತು. ನಿಮ್ಮ ಬಗ್ಗೆ ನನಗಿರುವ ಯೋಜನೆ ನನಗೆ ಗೊತ್ತು, ಅದು ಹಿತದ್ದು, ನಿಮಗೆ ಮುಂದಿನ ದಿನಗಳನ್ನೂ ನಿರೀಕ್ಷೆಯನ್ನೂ ಕೊಡುವಂಥದ್ದು ಎಂದು ದೇವರು ಹೇಳುವ ಮಾತು. ಅಪ್ಪನ ಲೆಕ್ಕದಲ್ಲಿ ಆ ಮುಂದಿನ ದಿನಗಳು ತೋರಣಗಲ್ಲಿನಲ್ಲಿದ್ದವು.

ಆ ವಾಕ್ಯ ನಮ್ಮಲ್ಲಿ ಎಷ್ಟು ಮನೆಗಳ ಗೋಡೆಯ ಮೇಲಿದೆ ಅಂತ ಎಣಿಸಲು ಆಗುವುದಿಲ್ಲ. ಆದರೆ ಅದರ ಹಿಂದಿನ ಸಾಲನ್ನು ಯಾರೂ ಕ್ಯಾಲೆಂಡರಿಗೆ ಹಾಕಿಸುವುದಿಲ್ಲ. ಬಾಬೆಲಿಗೆ ಸೆರೆ ಹೋದ ಯೆಹೂದ್ಯರ ಇಡೀ ಜನಕ್ಕೆ ಬರೆದ ಕಾಗದ ಅದು. 70 ವರ್ಷ ಆದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಅಂತ 10ನೇ ವಚನ ಹೇಳುತ್ತದೆ. ಅಲ್ಲಿಯತನಕ ಏನು ಮಾಡಬೇಕು? ಮನೆ ಕಟ್ಟಿ, ತೋಟ ಮಾಡಿ, ಮದುವೆ ಮಾಡಿಕೊಳ್ಳಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ. ಒಬ್ಬ ಹುಡುಗ ಪಿಯುಸಿಗೆ ಹೋಗಬೇಕೋ ಡಿಪ್ಲೊಮಾಕ್ಕೋ ಅನ್ನುವುದಕ್ಕೆ ಅಲ್ಲಿ ನೇರ ಉತ್ತರ ಹುಡುಕಿದರೆ ಸಿಗುವುದಿಲ್ಲ.

ಮೂರನೆಯ ಯೋಜನೆ ಸಭೆಯವರದು. ಗಾಯನ, ಕೀಬೋರ್ಡ್, ಯುವಜನ ಕೂಟದ ಸೆಕ್ರೆಟರಿ, ಅವರವರಿಗೆ ತೋಚಿದ್ದು. ಅದನ್ನು ಬಿಡೋಣ.

ಹುಡುಗ ಹೇಳಿದ್ದು

ಮೊದಲ ಭೇಟಿಯಲ್ಲಿ ಅವನು ಏನೂ ಹೇಳಲಿಲ್ಲ. ನಿನಗೇನು ಇಷ್ಟ ಅಂತ ಕೇಳಿದರೆ "ಗೊತ್ತಿಲ್ರಿ ಟೀಚರ್." ಮುಂದೇನು ಓದಬೇಕು ಅಂದರೆ "ಅವ್ವನ್ನ ಕೇಳ್ರಿ." ಈ ವಯಸ್ಸಿನ ಮಕ್ಕಳಿಗೆ ಆ ಪ್ರಶ್ನೆ ಕೇಳುವುದೇ ದಂಡ ಅಂತ ನನಗೆ ಅನಿಸುತ್ತದೆ. ಇಷ್ಟ ಏನು ಅಂತ ಕೇಳಿದಾಗ ದೊಡ್ಡವರಿಗೆ ಯಾವ ಉತ್ತರ ಬೇಕು ಅಂತ ಅವರು ಮೊದಲು ಲೆಕ್ಕ ಹಾಕುತ್ತಾರೆ. ಹಾಗಾಗಿ ನಿನ್ನೆ ಸಂಜೆ ಏನು ಮಾಡಿದೆ ಅಂತ ಕೇಳಿದೆ.

ಆಗ ಬಾಯಿ ಬಿಟ್ಟ. ಓವರ್‌ಲಾಕ್ ಮಷಿನ್ ಹೊಲಿಗೆ ಬಿಡುತ್ತಿತ್ತಂತೆ. ಮೆಕ್ಯಾನಿಕ್ ಎರಡು ದಿನ ಬರಲ್ಲ ಅಂದಿದ್ದರು. ಇವನು ತಟ್ಟೆ ಬಿಚ್ಚಿ ನೋಡಿದ. ಲೂಪರ್ ಟೈಮಿಂಗ್ ತಪ್ಪಿತ್ತು. ಸೂಜಿ ಮೇಲೆ ಬರುವಾಗ ಲೂಪರ್ ದಾರ ಹಿಡಿಯಬೇಕಾದ ಜಾಗಕ್ಕೆ ಬರುತ್ತಿರಲಿಲ್ಲ. ಅದನ್ನು ಸರಿಮಾಡಿದ್ದನ್ನು ಕೈಯಲ್ಲೇ ಮಾಡಿ ತೋರಿಸಿದ. ಅಷ್ಟು ಮಾತಾಡುವ ಹುಡುಗ ಇವನೇನಾ ಅನ್ನಿಸಿತು.

ಕೊನೆಗೆ ನಾನು ಏಳುವ ಹೊತ್ತಿಗೆ ಒಂದು ಪ್ರಶ್ನೆ ಕೇಳಿದ.

"ಟೀಚರ್, ಯೆಪ್ತಾಹ ಹರಕೆ ಹೊತ್ತನಲ್ರಿ. ಅವನ ಮಗಳನ್ನ ಯಾರಾದ್ರೂ ಕೇಳಿದ್ರಾ?"

ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 11ನೇ ಅಧ್ಯಾಯ. ಯುದ್ಧದಲ್ಲಿ ಗೆಲ್ಲಿಸಿದರೆ, ಮನೆಗೆ ಮರಳಿದಾಗ ಎದುರಿಗೆ ಬಂದದ್ದನ್ನು ಅರ್ಪಿಸುತ್ತೇನೆ ಅಂತ ಯೆಪ್ತಾಹ ಹರಕೆ ಹೊತ್ತಿದ್ದ. ಎದುರಿಗೆ ಬಂದವಳು ಒಬ್ಬಳೇ ಮಗಳು. ಸಂಡೇ ಸ್ಕೂಲಿನಲ್ಲಿ ನಾವು ಆ ಕಥೆಯನ್ನು ಹೆಚ್ಚಾಗಿ ದಾಟಿಕೊಂಡು ಹೋಗುತ್ತೇವೆ. ಇವನು ಒಬ್ಬನೇ ಕೂತು ಓದಿದ್ದ, ಒಂದಕ್ಕಿಂತ ಹೆಚ್ಚು ಸಲ.

ಅದರ ಹಿಂದಿದ್ದ ಭಯ ನಿಧಾನವಾಗಿ ಹೊರಗೆ ಬಂತು. ಸಿಟ್ಟು ಬಂದಾಗ ಅವ್ವ ಒಂದು ಮಾತು ಹೇಳುತ್ತಿದ್ದರು, "ನಿನ್ನ ಉಸಿರೇ ಅವನದು, ನೆನಪಿಟ್ಕೋ." ಹುಡುಗ ಅದನ್ನು ಹೀಗೆ ಅರ್ಥ ಮಾಡಿಕೊಂಡಿದ್ದ. ನಾನು ಪಾಸ್ಟರ್ ಆಗದಿದ್ದರೆ ದೇವರು ಆ ಉಸಿರನ್ನು ವಾಪಸ್ ತೆಗೆದುಕೊಳ್ಳುತ್ತಾನೆ. ಒಂಬತ್ತನೇ ಕ್ಲಾಸಿನಲ್ಲಿ ಒಮ್ಮೆ ಜೋರು ಕೆಮ್ಮು, ಜ್ವರ ಬಂದಾಗ ಇದೇ ಶುರುವಾಯಿತು ಅಂದುಕೊಂಡಿದ್ದನಂತೆ. ಯಾರಿಗೂ ಹೇಳಿರಲಿಲ್ಲ. ಅದೇ ಹೊತ್ತಿಗೆ ಯುವಜನ ಕೂಟಕ್ಕೆ ಹೋಗುವುದನ್ನು ಬಿಟ್ಟಿದ್ದ. 'ಹುಡುಗನಿಗೆ ದೇವರ ಕಡೆ ಮನಸ್ಸಿಲ್ಲ' ಅಂತ ಮನೆಯವರು ತಿಳಿದಿದ್ದರು. ಮನಸ್ಸು ಪೂರ್ತಿ ಅಲ್ಲೇ ಇತ್ತು, ಹೆದರಿಕೆಯಲ್ಲಿ.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು. ದೇವರ ಯೋಜನೆ ಹುಡುಕಲು ಮಕ್ಕಳಿಗೆ ನೆರವಾಗಬೇಕು ಅನ್ನುವ ಮಾತು ಸರಿ. ಆದರೆ ದೇವರನ್ನು ಕಂಡರೆ ನಡುಗುವ ಮಗು ಏನನ್ನೂ ಹುಡುಕುವುದಿಲ್ಲ, ತಪ್ಪಿಸಿಕೊಳ್ಳಲು ಜಾಗ ನೋಡುತ್ತದೆ. ಕೋರ್ಸು, ಕಾಲೇಜು ಎಲ್ಲ ಆಮೇಲೆ. ಮೊದಲು ಆ ಭಯ ಹೋಗಬೇಕಿತ್ತು, ಮತ್ತು ಅದನ್ನು ತೆಗೆಯಬೇಕಾದವರು ಅವ್ವನೇ.

ಅವ್ವ

ಹುಡುಗ ತಾನೇ ಹೇಳಲು ಒಪ್ಪಿದ. ನಾನು ಪಕ್ಕದಲ್ಲಿ ಕೂತಿದ್ದೆ. ಅವ್ವ ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಪ್ಯಾಂಟನ್ನು ಕೆಳಗಿಟ್ಟರು. "ನಾ ಹಂಗ ಅಂದಿಲ್ಲ ಕಂದಾ" ಅಂದರು. ಆಮೇಲೆ "ಅಂದೀನೇನೋ" ಅಂದರು. ಅಳು ಬಂತು. ಅಪ್ಪ ಮಷಿನ್ ನಿಲ್ಲಿಸಿ ಎದ್ದು ಬಂದರು.

ಅವ್ವನನ್ನು ಕಟುಕಿ ಅಂತ ಯಾರೂ ತಿಳಿಯಬಾರದು. ಸಾಯುವ ಕೂಸನ್ನು ಎದುರಿಗಿಟ್ಟುಕೊಂಡ ತಾಯಿ ಏನನ್ನು ಬೇಕಾದರೂ ಕೊಡುತ್ತೇನೆ ಅನ್ನುತ್ತಾಳೆ. ಅವರ ಹತ್ತಿರ ಕೊಡಲು ಇದ್ದದ್ದು ಆ ಕೂಸೊಂದೇ. ಮುಂದೆ ಅವರ ಸಂಕಟ ಬೇರೆ ರೂಪ ಪಡೆಯಿತು. ಮಗ ಪಾಸ್ಟರ್ ಆಗದಿದ್ದರೆ ದೇವರ ಮುಂದೆ ತಾನು ಸುಳ್ಳಿ ಆಗುತ್ತೇನಲ್ಲ ಅಂತ. ಮಗನ ಭಯ ಅವನದು, ಅವ್ವನ ಭಯ ಅವ್ವನದು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಮನೆಯಲ್ಲಿ ಇಷ್ಟು ವರ್ಷ ಕಳೆದಿದ್ದರು.

ಕುಟುಂಬ ಪ್ರಾರ್ಥನೆಯಲ್ಲಿ ಸಮುವೇಲನ ಮೊದಲ ಪುಸ್ತಕದ 1ರಿಂದ 3ನೇ ಅಧ್ಯಾಯ ಓದಲು ಹೇಳಿದೆ, ದಿನಕ್ಕೆ ಒಂದಿಷ್ಟು. ಹನ್ನಳ ಹರಕೆ ಎಲ್ಲರಿಗೂ ಗೊತ್ತು. ಆಮೇಲಿನದನ್ನು ಗಮನಿಸುವವರು ಕಡಿಮೆ. ಹನ್ನ ಹರಕೆ ಹೊತ್ತಳು, ಮಗ ಸಮುವೇಲನನ್ನು ಶೀಲೋವಿನ ಗುಡಿಗೆ ತಂದು ಬಿಟ್ಟಳು, ವರ್ಷ ವರ್ಷ ಸಣ್ಣ ನಿಲುವಂಗಿ ಹೊಲಿದು ತಂದು ಕೊಟ್ಟಳು. ಇಷ್ಟೆಲ್ಲ ಆದ ಮೇಲೂ ಸಮುವೇಲನಿಗೆ ಇನ್ನೂ ಯೆಹೋವನ ಪರಿಚಯ ಇರಲಿಲ್ಲ ಅಂತ 3:7 ಹೇಳುತ್ತದೆ. ತಾಯಿಯ ಹರಕೆ ಅವನನ್ನು ಗುಡಿಯ ತನಕ ತಂದಿತ್ತು. ಕರೆಯುವುದನ್ನು ದೇವರೇ ಮಾಡಬೇಕಾಯಿತು, ಹುಡುಗನ ಹೆಸರು ಹಿಡಿದು. ಅಲ್ಲಿನ ಯಾಜಕ ಏಲಿಗೆ ಕೂಡ ಮೂರನೆಯ ಸಲಕ್ಕೇ ಅದು ಹೊಳೆದದ್ದು. ಹೊಳೆದ ಮೇಲೆ ಏಲಿ ದೇವರ ಪರವಾಗಿ ತಾನೇ ಮಾತಾಡಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ 'ನಿನ್ನ ದಾಸ ಕೇಳುತ್ತಿದ್ದಾನೆ' ಅನ್ನು ಅಂತ ಹೇಳಿಕೊಟ್ಟ, ಅಷ್ಟೇ.

ಅವ್ವ ಇದನ್ನು ಒಪ್ಪಿದರು. ಆದರೆ ಹರಕೆ ಹರಕೆಯೇ ಅಲ್ವಾ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಯ್ಯನವರ ಹತ್ತಿರ ಇತ್ತು.

ಅವರು ಯಾಜಕಕಾಂಡ 27 ತೆಗೆದರು. ಮನುಷ್ಯರನ್ನು ದೇವರಿಗೆ ಹರಕೆ ಹೊತ್ತವರು ಏನು ಮಾಡಬೇಕು ಅಂತ ಧರ್ಮಶಾಸ್ತ್ರ ಅಲ್ಲೇ ಬರೆದಿಟ್ಟಿದೆ. ವಯಸ್ಸಿಗೆ ತಕ್ಕ ಬೆಲೆ ಕಟ್ಟಿ ಬಿಡಿಸಿಕೊಳ್ಳಬಹುದು. 5ರಿಂದ 20 ವರ್ಷದ ಗಂಡಿಗೆ 20 ಶೆಕೆಲ್ ಬೆಳ್ಳಿ, ಶೆಕೆಲ್ ಅಂದರೆ ಆ ಕಾಲದ ತೂಕ. ತಿಂಗಳ ಕೂಸಿನಿಂದ 5 ವರ್ಷದವರೆಗೆ ಗಂಡಾದರೆ 5 ಶೆಕೆಲ್. ಅಷ್ಟು ಕೊಡಲಾಗದ ಬಡವರಿಗೆ, ಅವರ ಶಕ್ತಿ ನೋಡಿ ಯಾಜಕನೇ ಬೆಲೆ ಹೇಳಬೇಕು.

ಅಪ್ಪ ತಕ್ಷಣ ಲೆಕ್ಕಕ್ಕೆ ಇಳಿದರು. ಹರಕೆ ಹೊತ್ತಾಗ ಇವನಿಗೆ ತಿಂಗಳೂ ತುಂಬಿರಲಿಲ್ಲ, ಅದಕ್ಕೆ ಬೆಲೆಯೇ ಬರೆದಿಲ್ಲ ನೋಡ್ರಿ ಅಂತ. ಅಯ್ಯನವರು ನಕ್ಕು ಅರಣ್ಯಕಾಂಡ 30 ತೋರಿಸಿದರು. ಹೆಂಡತಿಯ ಹರಕೆ ಕೇಳಿ ಗಂಡ ಸುಮ್ಮನಿದ್ದರೆ ಅದು ಖಾಯಂ ಆದಂತೆ. "ನೀವು ಅವತ್ತು ಸುಮ್ನೆ ಇದ್ರಲ್ಲ?" ಆ ಮನೆಯಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ಅವ್ವ ಮಾತ್ರ ನಗಲಿಲ್ಲ. "ದೇವರ ಜೊತೆ ಚೌಕಾಸಿ ಮಾಡ್ಲೇನ್ರಿ ಅಯ್ಯನೋರೆ?" ಅಂದರು. ಇದು ಚೌಕಾಸಿ ಅಲ್ಲಮ್ಮ, ಅವನೇ ಬರೆಸಿದ ಕಾನೂನು ಅಂತ ಅಯ್ಯನವರು ಹೇಳಿದರು. ಹಳೆ ಒಡಂಬಡಿಕೆಯ ಈ ಕಟ್ಟಳೆ ನಮಗೆ ಅಕ್ಷರಶಃ ಅನ್ವಯಿಸುವುದಿಲ್ಲ ಅಂತಲೂ ಹೇಳಿದರು. ಆದರೆ ಅದರಲ್ಲಿ ದೇವರ ಮನಸ್ಸು ಕಾಣುತ್ತದೆ. ಆತುರದಲ್ಲಿ, ದುಃಖದಲ್ಲಿ ಮನುಷ್ಯರು ಮಾತು ಕೊಡುತ್ತಾರೆ ಅಂತ ಗೊತ್ತಿದ್ದೇ ಆತ ಬಿಡಿಸಿಕೊಳ್ಳುವ ದಾರಿಯನ್ನೂ ಇಟ್ಟಿದ್ದಾನೆ ಅಂದರು.

ಒಂದು ವಾರ ಆದ ಮೇಲೆ ಅವ್ವ ಫೋನ್ ಮಾಡಿ ಕೇಳಿದರು: "20 ಶೆಕೆಲ್ ಅಂದ್ರೆ ಈಗಿನ ಲೆಕ್ಕದಾಗ ಎಷ್ಟ್ರಿ?" ಒಂದು ಶೆಕೆಲ್ ಸುಮಾರು 11.3 ಗ್ರಾಂ. ಹೆಚ್ಚು ಕಡಿಮೆ 225 ಗ್ರಾಂ ಬೆಳ್ಳಿ ಅಂದೆ. ಫೋನ್ ಇಟ್ಟರು.

ಮನೆಯಲ್ಲಿ ಮಾಡಿದ್ದು

ಎರಡು ಕೆಲಸ ಹೇಳಿದ್ದೆ. ಒಂದು, ಪರೀಕ್ಷೆ ಮುಗಿಯುವ ತನಕ ಮುಂದಿನ ಓದಿನ ಮಾತಿನಲ್ಲಿ ಯಾರೂ 'ದೇವರ ಚಿತ್ತ' ಅನ್ನಬಾರದು. 'ನನ್ನ ಆಸೆ' ಅನ್ನಬೇಕು. ಅಜ್ಜಿಗೆ ಇದು ಅಧರ್ಮದ ಹಾಗೆ ಕಂಡಿತು. ಅಪ್ಪನಿಗೆ ಕಷ್ಟವಾಯಿತು. ಜಿಂದಾಲ್ ದೇವರ ಚಿತ್ತ ಅನ್ನುವಾಗ ಇದ್ದ ಧೈರ್ಯ, ಜಿಂದಾಲ್ ನನ್ನ ಆಸೆ ಅನ್ನುವಾಗ ಇರಲಿಲ್ಲ. ಯಾಕೆ ಆ ಆಸೆ ಅಂತ ಮಗ ಕೇಳಬಹುದಲ್ಲ. ಕೇಳಿದ ಕೂಡ. ಆಗ ಅಪ್ಪ ಮೊದಲ ಸಲ ತನ್ನ ಮೊಣಕಾಲು ನೋವು, ಸಾಲ, ಕೆಲಸ ಸಿಗದ ತಿಂಗಳುಗಳ ಬಗ್ಗೆ ಮಗನಿಗೆ ಹೇಳಿದರು. ಸಂಬಳ ಬೇಕು ಅನ್ನುವುದರಲ್ಲಿ ಪಾಪ ಏನಿದೆ? ನೇರವಾಗಿ ಹೇಳಿದರೆ ಮಗನಿಗೂ ಅರ್ಥವಾಗುತ್ತದೆ.

ಇನ್ನೊಂದು, ಒಂದು ನೋಟ್‌ಬುಕ್. ಯಾರೂ ಹೇಳದೆಯೇ ಹುಡುಗ ಏನು ಮಾಡುತ್ತಾನೆ, ಯಾವುದರಲ್ಲಿ ಹೊತ್ತು ಮರೆಯುತ್ತಾನೆ, ಯಾರಿಗೆ ಅವನಿಂದ ಉಪಯೋಗ ಆಯಿತು. ಅವ್ವ, ಅಪ್ಪ ಇಬ್ಬರೂ ಬರೆಯಬೇಕು. ಹುಡುಗನಿಗೆ ಗೊತ್ತಿರಬೇಕು, ಕದ್ದು ನೋಡುವುದು ಬೇಡ.

ಅವ್ವನ ಸಾಲುಗಳು ಮೊದಮೊದಲು ದೂರಿನ ಹಾಗೆ ಇದ್ದವು. 'ಮಷಿನ್ ಹತ್ರ ಕೂತ. ಊಟಕ್ಕೆ ಕರೆದರೂ ಬರಲಿಲ್ಲ.' ಅಪ್ಪ ಕಡಿಮೆ ಬರೆದರು. ಆದರೆ ಅವರ ಒಂದು ಸಾಲು ನನ್ನನ್ನು ನಿಲ್ಲಿಸಿತು. ಹೊಲಿಗೆಗೆ ಹೊಸದಾಗಿ ಬಂದ ಅಕ್ಕ ಒಬ್ಬರು ಮಷಿನ್ ಕಂಡರೆ ಹೆದರುತ್ತಿದ್ದರು. ಹುಡುಗ ಅವರಿಗೆ ದಾರ ಪೋಣಿಸುವುದನ್ನು ಬೈಯದೆ, ನಗದೆ, ಅವರಿಗೆ ಬರುವ ತನಕ ತೋರಿಸಿದ್ದ. 'ನನಗೆ ಇಷ್ಟು ತಾಳ್ಮೆ ಇಲ್ಲ' ಅಂತ ಅಪ್ಪ ಬರೆದಿದ್ದರು.

ವಿಮೋಚನಕಾಂಡ 31ರ ಬೆಚಲೇಲ ನೆನಪಾದ. ದೇವರು ತನ್ನ ಆತ್ಮದಿಂದ ತುಂಬಿಸಿದ ಎಂದು ಬೈಬಲಿನಲ್ಲಿ ಹೆಸರು ಹಿಡಿದು ಹೇಳುವ ಮೊದಲ ಮನುಷ್ಯ ಪ್ರವಾದಿಯಲ್ಲ, ಯಾಜಕನಲ್ಲ, ಕೈಕೆಲಸದವನು. ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರ. ಅವನಿಗೆ ಬೇರೆಯವರಿಗೆ ಕಲಿಸುವ ಮನಸ್ಸನ್ನೂ ದೇವರು ಕೊಟ್ಟ ಅಂತ 35:34ರಲ್ಲಿ ಇದೆ. ಇದನ್ನು ಹೇಳಿದಾಗ ಅಪ್ಪ ಇನ್ನೊಂದು ಸೇರಿಸಿದರು. ಅಪೊಸ್ತಲರ ಕೃತ್ಯಗಳು 18ರಲ್ಲಿ ಪೌಲ ಕೊರಿಂಥದಲ್ಲಿ ಗುಡಾರ ಮಾಡುವ ಕಸುಬು ಮಾಡುತ್ತಿದ್ದನಲ್ಲ, "ನಮ್ಮ ಲೈನೇ ಬಿಡ್ರಿ ಅದು." ಅಜ್ಜಿಗಾಗಿ ನಾನೂ ಒಂದು ಹೇಳಿದೆ. ಹ್ಯಾಂಡ್ಸ್ ಕನ್ನಡ ಬೈಬಲ್ ತರ್ಜುಮೆ ಮಾಡಿದರು, ಅದು ಇದೇ ಬಳ್ಳಾರಿಯ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಅಚ್ಚಿನ ಮೊಳೆ ಜೋಡಿಸಿ, ಪ್ರೆಸ್ ಕೆಟ್ಟಾಗ ರಿಪೇರಿ ಮಾಡಿದವರು ಇಲ್ಲದೆ ಆ ಬೈಬಲ್ ನಿಮ್ಮ ಅಪ್ಪನ ಕೈಗೆ ಬರುತ್ತಿತ್ತಾ? ಅಜ್ಜಿ ಉತ್ತರ ಕೊಡಲಿಲ್ಲ.

ರಜೆಯಲ್ಲಿ

ಪರೀಕ್ಷೆ ಮುಗಿದ ಮೇಲೆ ಎರಡೂ ಕಡೆ ಕಳಿಸಿ ನೋಡಿದೆವು. ವಾರದ ದಿನ ಮಷಿನ್ ಮೆಕ್ಯಾನಿಕ್ ಜೊತೆ. ಭಾನುವಾರ ಸಿರುಗುಪ್ಪ ಕಡೆಯ ಹಳ್ಳಿ ಸಭೆಗಳಿಗೆ ಅಯ್ಯನವರ ಬೈಕಿನ ಹಿಂದೆ.

ಮಷಿನ್ ಕೆಲಸದಲ್ಲಿ ಚೆನ್ನಾಗಿ ಮಾಡಿದ. ಅದು ನಿರೀಕ್ಷಿಸಿದ್ದೇ. ಹಳ್ಳಿಯಲ್ಲಿ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಮೊದಲ ವಾರ ಮೈಕ್ ಸೆಟ್ ಸರಿಮಾಡಿ ಹಿಂದೆ ಹೋಗಿ ಕೂತ. ಆಮೇಲೆ ಹಾಸಿಗೆ ಹಿಡಿದ ಒಬ್ಬ ಹಿರಿಯರ ಮನೆಗೆ ಅಯ್ಯನವರ ಜೊತೆ ಹೋದವನು, ಮುಂದಿನ ವಾರ ತಾನೇ ಕೇಳಿ ಹೋದ. ಅವರಿಗೆ ಕೀರ್ತನೆ ಓದಿ ಹೇಳಿದ. ನಾಲ್ಕು ಮಾತಿನ ಪ್ರಾರ್ಥನೆ ಮಾಡಿದ. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಸ್ಟೇಜಿನ ಮೇಲೆ ಮಾತು ಬಾರದೆ ನಿಂತ ಹುಡುಗ ಇವನು. "ಅಯ್ಯನೋರ ಕೆಲಸ ಅಂದ್ರ ಭಾಷಣ ಅಂತ ತಿಳಿದಿದ್ದೆ ಟೀಚರ್. ಭಾಷಣ ಸ್ವಲ್ಪ, ಕೂಡೋದು ಜಾಸ್ತಿ" ಅಂದ.

ಹಾಗಾದರೆ ಯಾವುದು ಅವನ ದಾರಿ? ನನ್ನ ಅಭಿಪ್ರಾಯ ಕೇಳಿದರೆ, ಆ ರಜೆ ಯಾವುದನ್ನೂ ಮುಚ್ಚಲಿಲ್ಲ. ಅವ್ವ ಇದರಲ್ಲಿ ಆಸೆ ಕಂಡರು, ಅಪ್ಪ ಆತಂಕ ಕಂಡರು. ಅಯ್ಯನವರು ಇಬ್ಬರಿಗೂ ಒಂದೇ ಮಾತು ಹೇಳಿದರು. ಎಸ್ಸೆಸ್ಸೆಲ್ಸಿ ಆದ ಕೂಡಲೇ ಯಾರನ್ನೂ ಪಾಸ್ಟರ್ ಮಾಡುವುದಿಲ್ಲ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗಾಗಲಿ, 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿಗಾಗಲಿ ಹೋಗಲು ಮುಂದಿನ ಓದು ಬೇಕು, ಸಭೆಯ ಶಿಫಾರಸು ಬೇಕು. ಪದವಿ ಮುಗಿಸಿ, ನಾಲ್ಕಾರು ವರ್ಷ ಬೇರೆ ಕೆಲಸ ಮಾಡಿ ಬರುವವರೂ ಇದ್ದಾರೆ. ಅಯ್ಯನವರೇ ಹಾಗೆ ಬಂದವರು, ಮೊದಲು ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದರು. ಇಡೀ ಬಾಳಿನ ತೀರ್ಮಾನ ಈಗ ಬೇಡ, ಮುಂದಿನ ಮೂರು ವರ್ಷದ್ದು ಮಾಡಿ ಅಂದರು.

ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಆರಿಸಿಕೊಂಡ, ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ. ಮೂರು ವರ್ಷದ ಕೋರ್ಸು. ಅರ್ಜಿ ತುಂಬುವಾಗ ಅವ್ವ ಜೊತೆಗೆ ಹೋಗಿದ್ದರು. ಭಾನುವಾರ ಹಳ್ಳಿಗೆ ಹೋಗುವುದನ್ನು ಅವನು ಬಿಡಲಿಲ್ಲ. ಯಾರೂ ಹೇಳಿರಲಿಲ್ಲ.

ಈಗ

ಅವ್ವನ ಮನಸ್ಸು ಪೂರ್ತಿ ತಿಳಿಯಾಗಿದೆ ಅಂತ ಹೇಳಲಾರೆ. ದಾರ ಕತ್ತರಿಸಿದ ದುಡ್ಡಿನಲ್ಲಿ ಸ್ವಲ್ಪ ಸ್ವಲ್ಪ ಬೇರೆ ತೆಗೆದಿಡುತ್ತಿದ್ದಾರೆ. 225 ಗ್ರಾಂ ಬೆಳ್ಳಿಯ ಬೆಲೆ ಅವರ ಕೈಗೆ ಎಟುಕುವುದು ತಡ. ಬಡವರಿಗೆ ಯಾಜಕನೇ ಬೆಲೆ ಹೇಳಬೇಕು ಅಂತ ಇದೆಯಲ್ಲ, ನೀವೇ ಹೇಳಿ ಅಂತ ಅಯ್ಯನವರನ್ನು ಕೇಳಿದರಂತೆ. ಅಯ್ಯನವರು, ಹಳ್ಳಿ ಸಭೆಯ ಒಂದು ಮಗುವಿನ ಈ ವರ್ಷದ ಪುಸ್ತಕ, ಬ್ಯಾಗು, ಬಟ್ಟೆ ನೋಡಿಕೊಳ್ಳಿ ಸಾಕು ಅಂದರು. ಅದನ್ನು ಮಾಡಿದ್ದಾರೆ. ಆದರೂ ಬೆಳ್ಳಿಯ ದುಡ್ಡು ಕೂಡಿಡುವುದನ್ನು ನಿಲ್ಲಿಸಿಲ್ಲ.

ಅವ್ವನ ಕಣ್ಣು ಈಗ ಮಗಳ ಮೇಲೆ ಬಿದ್ದಿದೆ. ನರ್ಸಿಂಗ್ ಓದಿಸಬೇಕು ಅಂತ. ನಮ್ಮ ಮನೆಗಳಲ್ಲಿ ಹೆಣ್ಣು ಮಗು ಅಂದರೆ ನರ್ಸ್ ಅಂತ ಮೊದಲೇ ತೀರ್ಮಾನವಾಗಿರುತ್ತದೆ, ಅದನ್ನು ಬರೆಯಲು ಇನ್ನೊಂದು ಪ್ರಕರಣವೇ ಬೇಕು. ಅವ್ವ ಬಾಯಿ ತೆಗೆದಾಗ "ದೇವರ ಚಿತ್ತಾನಾ, ನಿನ್ನ ಆಸೇನಾ?" ಅಂತ ಮಗಳೇ ಕೇಳುತ್ತಾಳಂತೆ. ಎಂಟನೇ ಕ್ಲಾಸು!

ಹುಡುಗ ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲಿ ಫೇಲಾದ. ರಿಸಲ್ಟ್ ಬಂದ ದಿನ ನಾನು ಅವರ ಮನೆಯಲ್ಲೇ ಇದ್ದೆ. ಅಜ್ಜಿ ತಲೆ ಆಡಿಸಿ, ನೋಡು, ದೇವರು ಆ ಬಾಗಿಲು ಮುಚ್ಚಿದ, ಹರಕೆ ಮುರಿದರೆ ಹಿಂಗೇ ಆಗೋದು ಅಂದರು. ಅವ್ವನ ಮುಖ ಸಣ್ಣದಾಯಿತು. ಎರಡು ವರ್ಷದ ಹಿಂದೆ ಆಗಿದ್ದರೆ ಈ ಒಂದು ಮಾತಿಗೆ ಹುಡುಗ ರಾತ್ರಿಯೆಲ್ಲ ನಿದ್ದೆ ಮಾಡುತ್ತಿರಲಿಲ್ಲ.

"ದೇವರೇನ್ ಮಾಡ್ಯಾನಜ್ಜಿ, ನಾ ಓದಿದ್ದಿಲ್ಲ" ಅಂದ. "ಮುಂದಿನ ಸಲ ಬರಿತೀನಿ ಬಿಡು." ಅಪ್ಪ ಹಿಂದಿನಿಂದ, ಪರೀಕ್ಷೆ ಫೀಸು ಎಷ್ಟು, ಕೊನೆ ದಿನ ಯಾವತ್ತು ಅಂತ ಕೇಳಿದರು.